ನಾನು ತಿರುವಿ ಹಾಕಿದ ಎದೆ

ನಮ್ಮ ಬನಹಟ್ಟಿಯಲ್ಲಿ ಮೌನ ಎಂಬುದು ಕರೆಂಟು ಹೋದಾಗ ಮಾತ್ರ ಬರುವಂಥದ್ದು. ಓಣಿಯಲ್ಲಿ ಮನೆಗೆ ನಾಲ್ಕು, ಆರು ಪವರ್‌ಲೂಮ್ ಮಗ್ಗ. ಮುಂಜಾನೆ ಖಟಪಟ ಶುರುವಾಯಿತೆಂದರೆ ಮುಗಿಯಿತು. ಕೂಸು ಅದರಲ್ಲೇ ನಿದ್ದೆ ಹೋಗುತ್ತದೆ, ಬೀಗರು ಅದರಲ್ಲೇ ಕೂತು ಚಹಾ ಕುಡಿದು ಮಾತುಕತೆ ಮುಗಿಸುತ್ತಾರೆ. ಹೊರಗಿನವರು ಬಂದು "ಇದೇನ್ರಿ ಇಷ್ಟು ಸಪ್ಪಳ" ಎಂದರೆ ಯಾವ ಸಪ್ಪಳ ಎಂದು ನಾವು ಅವರ ಮುಖ ನೋಡುತ್ತೇವೆ. ಆದರೆ ನಡುಮಧ್ಯಾಹ್ನ ಕರೆಂಟು ಹೋದರೆ ಇಡೀ ಊರು ಒಮ್ಮೆಲೇ ನಿಲ್ಲುತ್ತದೆ. ಒಂದು ನಿಮಿಷ ಎಲ್ಲರೂ ಒದರಿಕೊಂಡೇ ಮಾತಾಡುತ್ತಾರೆ, ಆಮೇಲೆ ನಾಚಿ ದನಿ ಇಳಿಸುತ್ತಾರೆ. ಚಿಕ್ಕವನಿದ್ದಾಗ ನನಗೆ ಆ ಮೌನವೆಂದರೆ ಭಯ.

ಯಾಕೆಂದರೆ ಆಗ ಅಕ್ಕನ ಎದೆ ಕೇಳಿಸುತ್ತಿತ್ತು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ, ಅವ್ವ ಇಬ್ಬರೂ ಮಗ್ಗದ ಮುಂದೆ ನಿಂತವರು, ನನ್ನನ್ನು ಸಾಕಿದವಳು ಅವಳೇ. ಚರಕ ತಿರುಗಿಸಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ, ತೊಡೆಯ ಮೇಲೆ ನನ್ನನ್ನು ಹಾಕಿಕೊಂಡು ಕೂತಿರುತ್ತಿದ್ದಳು. ಮಗ್ಗ ನಿಂತ ಕೂಡಲೇ ಅವಳೊಳಗಿನ ಕಫ ಗೊರಗೊರ ಎನ್ನುವುದು ಕೇಳುತ್ತಿತ್ತು, ಹುಗಿದಿಟ್ಟ ಗಡಿಗೆಯೊಳಗೆ ನೀರು ಕುದಿಯುತ್ತಿದ್ದ ಹಾಗೆ. ಅದರ ಹಿಂದೆ ಡಬ್, ಡಬ್. ಅವ್ವನ ಎದೆಗೆ ಆತುಕೊಂಡರೆ ಆ ಡಬ್ ಡಬ್ ಒಂದು ಕಡೆ, ಅಕ್ಕನದು ಇನ್ನೊಂದು ಕಡೆ. ನಾಲ್ಕು ವರ್ಷದ ಹುಡುಗನಿಗೆ ಎಡ ಯಾವುದು, ಬಲ ಯಾವುದು? ಅಕ್ಕನ ಹತ್ತಿರ ಮಲಗುವಾಗ ಮಗ್ಗುಲು ಬದಲಿಸಬೇಕು, ಅಷ್ಟೇ ಗೊತ್ತಿತ್ತು.

ನಾನು ಇದನ್ನು ಹೀಗೆ ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಟ ಆಡಿಸುವ ಸ್ವಭಾವ ನನ್ನದಲ್ಲ. ನನ್ನ ಅಕ್ಕನ ಹೃದಯ ಬಲಗಡೆ ಇದೆ. ಅದನ್ನು ಎಡಕ್ಕೆ ಹಾಕಿದವನು ನಾನು. ಅದರಿಂದ ಅವಳು ಸಾಯುವವಳಿದ್ದಳು, ಕೂದಲೆಳೆಯಲ್ಲಿ ತಪ್ಪಿತು.

ಅಕ್ಕನಿಗೆ ಹುಟ್ಟಿದಾಗಿನಿಂದ ಕೆಮ್ಮು. ಮೂಗು ಯಾವಾಗಲೂ ಕಟ್ಟಿರುತ್ತಿತ್ತು, ಕಿವಿ ಸೋರುತ್ತಿತ್ತು, ಹದಿನೈದಕ್ಕೇ ಒಂದು ಕಿವಿ ಮಂದವಾಯಿತು. ಬೇರೆ ಊರಾಗಿದ್ದರೆ ಯಾರಾದರೂ ಇದೇನು ಎಂದು ಕೇಳುತ್ತಿದ್ದರೋ ಏನೋ. ನಮ್ಮಲ್ಲಿ ಯಾರು ಕೇಳಬೇಕು? ಕೆಮ್ಮು ಎಂದರೆ ಅರಳೆಯ ಧೂಳು. ಕಿವುಡು ಎಂದರೆ ಮಗ್ಗದ ಸಪ್ಪಳ. ಓಣಿ ತುಂಬ ಕೆಮ್ಮುವವರು, ಓಣಿ ತುಂಬ ಕಿವುಡರು. "ಮಗ್ಗದ ಮನಿಯಾಗ ಹುಟ್ಟಿ ಕೆಮ್ಮಲಿಲ್ಲ ಅಂದ್ರ ಹ್ಯಾಂಗ" ಎಂದು ಅವ್ವ ನಗುತ್ತಿದ್ದಳು. ಬೇರೆಯವರದು ಒಣ ಕೆಮ್ಮು, ಮಗ್ಗ ಬಿಟ್ಟು ನಾಲ್ಕು ದಿನ ಬೀಗರ ಊರಿಗೆ ಹೋದರೆ ಇಳಿಯುವಂಥದ್ದು; ಅಕ್ಕನದು ಹಸಿ ಕೆಮ್ಮು, ಗಲಗಲಿಯ ಹೊಳೆದಂಡೆಗೆ ಹೋಗಿ ತಿಂಗಳಿದ್ದರೂ ಇಳಿಯದ್ದು ಎಂಬುದನ್ನು ನಾವು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳನ್ನು ಹೊರಗೆ ಕೊಡುವ ಪದ್ಧತಿ ಇರಲಿಲ್ಲ. ಅವ್ವ ನಮ್ಮ ಅಪ್ಪನ ಸ್ವಂತ ಅಕ್ಕನ ಮಗಳು. ಅಕ್ಕನನ್ನು ಅವ್ವನ ತಮ್ಮನಿಗೆ, ಅಂದರೆ ನಮ್ಮ ಸೋದರಮಾವನಿಗೇ ಕೊಟ್ಟರು. ಅದೇ ಓಣಿ, ಎಂಟು ಮನೆ ಆಚೆ. ಮಕ್ಕಳಾಗಲಿಲ್ಲ. ಹರಕೆ ಹೊತ್ತದ್ದಾಯಿತು, ಔಷಧಿ ಕುಡಿಸಿದ್ದಾಯಿತು. ಮಾವನಿಗೆ ಇನ್ನೊಂದು ಮದುವೆ ಮಾಡೋಣ ಎಂದು ಹಿರಿಯರು ಕೂತು ಮಾತಾಡಿದ ದಿನ ಮಾವ ಎದ್ದು ನಿಂತು, "ಹಂಗಂದ್ರ ನಾ ಊರ ಬಿಡತೇನಿ" ಎಂದ. ಒಂದೇ ಮಾತು. ಆ ಒಂದು ಮಾತಿಗೆ ನಾನು ಇವತ್ತಿಗೂ ಅವನ ಕಾಲು ಮುಟ್ಟುತ್ತೇನೆ.

ನಾನು ಮಗ್ಗ ಬಿಟ್ಟು ಎಕ್ಸ್‌ರೇ ಕೆಲಸ ಕಲಿತೆ. ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ಜನರ ಎಲುಬು ನೋಡಿಕೊಂಡು ಬದುಕಿದ್ದೇನೆ. ಈಗ ಎಲ್ಲ ಕಂಪ್ಯೂಟರು. ಆಗ ಹಾಗಿರಲಿಲ್ಲ. ಕತ್ತಲೆ ಕೋಣೆ, ಕೆಂಪು ದೀಪ, ಮದ್ದಿನ ನೀರಿನಲ್ಲಿ ಫಿಲ್ಮು ಅದ್ದಿ ತೆಗೆದು, ಬಟ್ಟೆ ಒಣಹಾಕಿದ ಹಾಗೆ ತಂತಿಗೆ ಸಿಕ್ಕಿಸಿ ಒಣಗಿಸಬೇಕು. ಆ ಫಿಲ್ಮಿಗೆ ಎರಡೂ ಬದಿ ಮದ್ದು ಸವರಿರುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಅದು ತಾನಾಗಿ ಹೇಳುವುದಿಲ್ಲ. ಅದಕ್ಕೇ ಫೋಟೋ ತೆಗೆಯುವಾಗ ಸೀಸದಲ್ಲಿ ಮಾಡಿದ ಚಿಕ್ಕದೊಂದು 'R' ಅಕ್ಷರ ಇಡಬೇಕು, ರೋಗಿಯ ಬಲ ಭುಜದ ಹತ್ತಿರ. ಇಡಬೇಕು ಎಂಬುದು ಪುಸ್ತಕದ ಮಾತು. ಮಂದಿ ಸಾಲು ಹಚ್ಚಿ ನಿಂತಾಗ ಯಾರು ಇಡುತ್ತಾರೆ? ನನಗೆ ಕೆಲಸ ಕಲಿಸಿದ ಹಿರಿಯರು ಸುಲಭದ ದಾರಿ ತೋರಿಸಿದ್ದರು. "ಹೃದಯ ನೋಡು. ಅದು ಎಲ್ಲೈತಿ ಅದ ಎಡಕ. ಪೆನ್ನಲೆ ಬರದು ಬಿಡು." ನಮ್ಮಂಥವರು ಎಷ್ಟೋ ಜನ ಹಾಗೆಯೇ ಬರೆದು ಬಿಟ್ಟವರು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅಕ್ಕನನ್ನು ಕರೆದುಕೊಂಡು ಹೋಗಿ ಎದೆ ಫೋಟೋ ತೆಗೆದೆ. ತಮ್ಮ ದೊಡ್ಡ ಮನುಷ್ಯನಾಗಿದ್ದಾನೆಂದು ಅಕ್ಕ ಇಲಕಲ್ಲ ಸೀರೆ ಉಟ್ಟು ಬಂದಿದ್ದಳು. ಮಧ್ಯಾಹ್ನ ಊಟದ ಹೊತ್ತು, ಯಾರೂ ಇರಲಿಲ್ಲ. ಫಿಲ್ಮು ಒಣಗಿದ ಮೇಲೆ ದೀಪದ ಡಬ್ಬಿಗೆ ಸಿಕ್ಕಿಸಿ ನೋಡಿದೆ. ಹೃದಯ ಆಚೆ ಕಡೆ ವಾಲಿತ್ತು. ಹೊಟ್ಟೆಯ ಗಾಳಿಗುಳ್ಳೆ ಆಚೆ ಕಡೆ. ಎಲ್ಲವೂ ಆಚೆ ಕಡೆ.

ನಾನೇನು ಮಾಡಿದೆ? ನಕ್ಕೆ. ಫಿಲ್ಮು ತಿರುವಿ ನೇತುಹಾಕಿದ್ದೇನೆ ಎಂದುಕೊಂಡು ಮಗುಚಿ ಹಾಕಿದೆ. ಅಷ್ಟೇ, ಒಂದು ಕೈ ಅಲುಗಾಟ. ಹೃದಯ ಎಡಕ್ಕೆ ಬಂತು, ಗಾಳಿಗುಳ್ಳೆ ಎಡಕ್ಕೆ ಬಂತು, ಎಲ್ಲಿಯೂ ಒಂದು ಸುಕ್ಕಿಲ್ಲ. ಒಂದು ತುಂಡಾದರೂ ಒಪ್ಪದೆ ಉಳಿದಿದ್ದರೆ ನನಗೆ ಅನುಮಾನ ಬರುತ್ತಿತ್ತು. ಏನೂ ಉಳಿಯಲಿಲ್ಲ. ಮೂಲೆಯಲ್ಲಿ ದಪ್ಪಗೆ 'ಎಡ' ಎಂದು ಬರೆದು ಅಕ್ಕನ ಕೈಗೆ ಕೊಟ್ಟೆ. "ಏನಿಲ್ಲಕ್ಕಾ, ಸ್ವಲ್ಪ ಕಫ ಐತಿ. ಧೂಳಿನದು." ಅಕ್ಕ ಫಿಲ್ಮನ್ನು ಹಿಡಿದು ಬಹಳ ಹೊತ್ತು ನೋಡಿದಳು. "ಖರೇನ ಇದು ನಂದೇನು?" ಎಂದಳು. "ಇನ್ಯಾರದು? ಓಣಿಯವ್ರದು ತಂದು ಕೊಡ್ತೇನೇನು?" ಎಂದು ನಾನು ಬೈದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು.

ಆ ಫಿಲ್ಮನ್ನು ಮಾವ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಜೋಪಾನವಾಗಿ ಇಟ್ಟ. ಮುಂದೊಂದು ದಿನ ಸೂರ್ಯಗ್ರಹಣ ಬಂತು. ಎಕ್ಸ್‌ರೇ ಫಿಲ್ಮಿನಿಂದ ನೋಡಬಹುದೆಂದು ಯಾರೋ ಹೇಳಿದರು. ಅದರಿಂದ ಕಣ್ಣಿಗೆ ಕೇಡು, ನೋಡಬಾರದು ಎಂದು ಈಗ ತಿಳಿದಿದೆ, ಆಗ ತಿಳಿದಿರಲಿಲ್ಲ. ಮಗ್ಗ ನಿಲ್ಲಿಸಿ ಓಣಿಯವರೆಲ್ಲ ಅಂಗಳಕ್ಕೆ ಬಂದರು. ನೆರಳು ವಿಚಿತ್ರವಾಗಿತ್ತು, ನಾಯಿಗಳು ಬೊಗಳುವುದು ಬಿಟ್ಟು ಗೋಡೆಗೆ ಆತು ಮಲಗಿದ್ದವು. ಒಬ್ಬೊಬ್ಬರಾಗಿ ನನ್ನ ಅಕ್ಕನ ಪಕ್ಕೆಲುಬಿನ ಸಂದಿಯಿಂದ ಸೂರ್ಯನನ್ನು ನೋಡಿದರು. ಕೊನೆಗೆ ಅಕ್ಕನ ಸರದಿ. ಅವಳು ಫಿಲ್ಮನ್ನು ಆ ಕಡೆಯಿಂದ ಹಿಡಿದಿದ್ದಳು. 'ಎಡ' ಎಂಬ ನನ್ನ ಬರಹ ತಿರುವುಮುರುವಾಗಿ ಕಾಣುತ್ತಿತ್ತು. "ತಮ್ಮಾ, ಹಿಂಗ ಹಿಡದ್ರ ನಂಗ ಸರಿ ಅನಸ್ತೈತಿ ನೋಡು" ಎಂದಳು. ನಾನು ಅವಳ ಕೈಯಿಂದ ಕಸಿದು ತಿರುವಿ ಕೊಟ್ಟೆ. "ಹಿಂಗ ನೋಡ್ಬೇಕು, ಹುಚ್ಚಿ" ಎಂದೆ. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು.

ಕಳೆದ ಚಳಿಗಾಲ, ಕಬ್ಬು ನುರಿಸುವ ಕಾಲ, ಮಾವನ ಫೋನು ಬಂತು. ಅಕ್ಕನಿಗೆ ಹೊಟ್ಟೆನೋವು. ಹೊಕ್ಕುಳ ಸುತ್ತ ಶುರುವಾಗಿ ಎಡಗಡೆ ಕೆಳಗೆ ಇಳಿದಿದೆ, ಎರಡು ಸಲ ವಾಂತಿಯಾಗಿದೆ.

"ಅಪೆಂಡಿಕ್ಸ ಇರಬೇಕೇನೋ ಅಳಿಯಾ? ಮೂಲಿಮನಿಯಾಂವಗ ಹಿಂಗ ಆಗಿತ್ತು."

"ಮಾವಾ, ಅಪೆಂಡಿಕ್ಸ ಬಲಕ ಇರತೈತಿ. ಎಡಕ ನೂಸಾಕತ್ತೈತಿ ಅಂದ್ರ ಗ್ಯಾಸ್, ಇಲ್ಲಾ ಕಿಡ್ನ್ಯಾಗ ಹಳ್ಳು. ನೀರು ಭಾಳ ಕುಡಸ್ರಿ."

"ಸ್ಕ್ಯಾನಿಂಗ ಮಾಡಸೂಣೇನು?"

"ಯಾತಕ್ಕ? ಅಕಿ ಒಳಗಿಂದೆಲ್ಲಾ ನಾ ನೋಡೇನಲ್ಲ."

ಇದೇ ಮಾತು. ಇದನ್ನು ನಾನು ಆಡಿದೆ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು, ಏನೋ ಹೇಳಬೇಕೆಂದು ಫೋನು ಕೇಳಿದಳು. ನಾನು "ಮಲಕೊಳ್ಳಾಕ ಹೇಳ್ರಿ, ನಾಳಿಗೆ ಕಡಿಮಿ ಆಗತೈತಿ" ಎಂದು ಇಟ್ಟುಬಿಟ್ಟೆ. ಮರುದಿನವೂ ಮಾವ ಫೋನು ಮಾಡಿದ, ನಾನು ಮತ್ತೆ ಅದನ್ನೇ ಹೇಳಿದೆ, ಈ ಸಲ ಇನ್ನೂ ಗಟ್ಟಿಯಾಗಿ. ಓದಿದವನ ಮಾತೆಂದು ಅವರು ನಂಬಿದರು.

ಮೂರನೆಯ ದಿನ ಬೆಳಿಗ್ಗೆ ಅಕ್ಕನಿಗೆ ಮೈ ಸುಡುವ ಜ್ವರ, ಬಾಯಿ ಒಣಗಿ ಮಾತು ತಡವರಿಸುತ್ತಿತ್ತು. ಮಾವ ಬಾಡಿಗೆ ಕಾರು ಮಾಡಿ ಕರೆತಂದ. ದಾರಿಯುದ್ದಕ್ಕೂ ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೂ ಎರಡೆರಡು ಟ್ರೇಲರು, ಮುಂದೆ ಹೋಗಲು ಜಾಗವಿಲ್ಲ. ರಸ್ತೆಯ ಪ್ರತಿ ಕುಣಿಗೂ ಅಕ್ಕ ಹಲ್ಲು ಕಚ್ಚುತ್ತಿದ್ದಳಂತೆ. ಆಸ್ಪತ್ರೆಯ ಮುಂದೆ ಇಳಿದಾಗ ಅವಳ ಮುಖ ನೋಡಿ ನಾನು ಗಾಲಿಕುರ್ಚಿ ತರಲು ಓಡಿದೆ. ನಮ್ಮ ಡಾಕ್ಟರ್ ಬಾಯಾರು ಮುಧೋಳದ ಕಡೆಯ ಹೆಣ್ಣುಮಗಳು, ನನಗಿಂತ ಬಹಳ ಚಿಕ್ಕವರು. ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಕಿವಿಗೆ ಕೊಳವೆ ಹಾಕಿಕೊಂಡು ಅಕ್ಕನ ಎಡ ಎದೆಯ ಮೇಲೆ ಇಟ್ಟರು. ಅಲ್ಲಿಯೇ ತಡೆದರು. ಕೊಳವೆಯನ್ನು ತೆಗೆದು ಬೆರಳಿನಿಂದ ತಟ್ಟಿ, ಕೆಟ್ಟಿದೆಯೇ ಎಂದು ನೋಡಿ, ಮತ್ತೆ ಇಟ್ಟರು. ಮುಖದ ಬಣ್ಣ ಬದಲಾಯಿತು. "ಎದಿದು ಒಂದು ಎಕ್ಸ್‌ರೇ ತಗೀರಿ, ಲಗೂನ" ಎಂದಷ್ಟೇ ಹೇಳಿದರು.

ಗಾಲಿಕುರ್ಚಿಯಲ್ಲಿ ಅಕ್ಕನನ್ನು ನಾನೇ ತಳ್ಳಿಕೊಂಡು ಹೋದೆ. ಈಗ ಸೀಸದ ಅಕ್ಷರ ಇಡದೆ ಫೋಟೋ ತೆಗೆದರೆ ಬಾಯಾರು ಬೈಯುತ್ತಾರೆ, ಹಾಗಾಗಿ ಇಟ್ಟೆ, ಬಲ ಭುಜದ ಹತ್ತಿರ. ಅಕ್ಕ ಉಸಿರು ಹಿಡಿದಳು. ಪರದೆಯ ಮೇಲೆ ಚಿತ್ರ ಬಂತು.

ಹೃದಯ ಆಚೆ ಕಡೆ ವಾಲಿತ್ತು.

ಕಂಪ್ಯೂಟರಿನಲ್ಲಿ ಚಿತ್ರ ತಿರುವುವುದಕ್ಕೆ ಒಂದು ಗುಂಡಿ ಇದೆ. ದೇವರಾಣೆಗೂ ಹೇಳುತ್ತೇನೆ, ನಾನು ಯೋಚಿಸಲಿಲ್ಲ. ನನ್ನ ಬೆರಳು ತಾನಾಗಿ ಹೋಗಿ ಒತ್ತಿತು. ಇಪ್ಪತ್ತಾರು ವರ್ಷದ ಅಭ್ಯಾಸದ ಬೆರಳು. ಹೃದಯ ಎಡಕ್ಕೆ ಬಂತು, ಎಲ್ಲ ಸರಿಯಾಯಿತು, ಸುಕ್ಕಿಲ್ಲ, ಕಲೆಯಿಲ್ಲ. ನಾನು ಕಳಿಸುವ ಗುಂಡಿಯ ಮೇಲೆ ಕೈ ಇಟ್ಟೆ. ಆಗ ಮೂಲೆಯಲ್ಲಿದ್ದ ಸೀಸದ ಅಕ್ಷರ ಕಣ್ಣಿಗೆ ಬಿತ್ತು. ಅದು ತಿರುವುಮುರುವಾಗಿ, ಕನ್ನಡಿಯೊಳಗಿನ ಅಕ್ಷರದ ಹಾಗೆ ನನ್ನತ್ತ ನೋಡುತ್ತಿತ್ತು.

ಮತ್ತೆ ಗುಂಡಿ ಒತ್ತಿದೆ. ಅಕ್ಷರ ನೆಟ್ಟಗಾಯಿತು, ಹೃದಯ ಬಲಕ್ಕೆ ಹೋಯಿತು. ಇನ್ನೊಮ್ಮೆ ಒತ್ತಿದೆ. ಹೃದಯ ಎಡಕ್ಕೆ ಬಂತು, ಅಕ್ಷರ ತಿರುವಿತು. ಗಾಜಿನಾಚೆ ನನ್ನ ಅಕ್ಕ ಉಸಿರು ಹಿಡಿದುಕೊಂಡೇ ನಿಂತಿದ್ದಳು, ಬಿಡು ಎಂದು ನಾನು ಹೇಳಿರಲಿಲ್ಲ. ಅಕ್ಕನ ಎದೆಗೆ ಆತುಕೊಳ್ಳುತ್ತಿದ್ದ ನನ್ನ ಬಲಗಿವಿ ಬಿಸಿಯಾಯಿತು. ನಲವತ್ತು ವರ್ಷ ಹಿಂದೆ ಕರೆಂಟು ಹೋದ ಮಧ್ಯಾಹ್ನ ಚಾಪೆಯ ಮೇಲೆ ಮಗ್ಗುಲು ಬದಲಿಸಿ ಮಲಗಿದ್ದು ಮೈಯೆಲ್ಲ ನೆನಪಾಗಿ ಕೂದಲು ನಿಮಿರಿದವು. ನನಗೆ ಗೊತ್ತಿತ್ತು. ಓದುವ ಮೊದಲು, ಎಡ ಬಲ ಕಲಿಯುವ ಮೊದಲು, ನನಗೆ ಗೊತ್ತಿತ್ತು.

ಓಡಿದೆ. "ಬಾಯಾರ, ನೋವು ಎಡಕೈತಿ ಅಂತ ನಾನ ಎರಡ ದಿನಾ ತಡದೇನ್ರಿ. ಅಕಿದು ಎಲ್ಲಾ ಉಲ್ಟಾ ಐತ್ರಿ. ಅಪೆಂಡಿಕ್ಸ ಎಡಕೈತ್ರಿ. ಹಿಂದಕ ಫಿಲ್ಮ ನಾನ ತಿರುವಿ ಹಾಕಿದ್ನ್ರಿ." ಮಾತು ಒಂದಕ್ಕೊಂದು ಸಿಕ್ಕು ಹಾಕಿಕೊಂಡವು, ಆದರೆ ಅವರಿಗೆ ತಿಳಿಯಿತು. ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದರು. ಎಡಗಡೆ ಯಕೃತ್ತು, ಎಡಗಡೆ ಕೆಳಗೆ ಊದಿಕೊಂಡು ಒಡೆದಿದ್ದ ಅಪೆಂಡಿಕ್ಸು. ಹನ್ನೊಂದು ಗಂಟೆಗೆ ಅಕ್ಕನನ್ನು ಒಳಗೆ ಕರೆದುಕೊಂಡರು.

ಹೊರಗೆ ಬೆಂಚಿನ ಮೇಲೆ ಮಾವ ಕೂತಿದ್ದ. ಒಳಗೆ ಏನಾಗುತ್ತಿದೆ ಎಂದು ಅವನಿಗೆ ಹೇಳಬೇಕಿತ್ತು, ನನಗೆ ಧೈರ್ಯ ಬರಲಿಲ್ಲ. ಅವನು ಬೆರಳಿಂದ ತೊಡೆಯ ಮೇಲೆ ಮಗ್ಗದ ತಾಳ ಬಡಿಯುತ್ತಿದ್ದ, ಅದು ಅವನಿಗೇ ಗೊತ್ತಿರಲಿಲ್ಲ. ಆ ಮೂರು ತಾಸು ನಾನು ಬದುಕಿದ್ದೆ ಎಂದು ಹೇಳಲಾರೆ.

ಬಾಯಾರು ಹೊರಗೆ ಬಂದು, "ಉಳದಾರ್ರಿ. ಇನ್ನೊಂದು ದಿನಾ ಬಿಟ್ಟಿದ್ರ ಕಷ್ಟ ಇತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರ ಕೋಣೆಗೆ ಕರೆಸಿದರು. ಒಂದೊಂದಾಗಿ ಕೇಳಿದರು. ಹುಟ್ಟಾ ಕೆಮ್ಮು? ಹೌದ್ರಿ. ಕಿವಿ ಸೋರೋದು? ಹೌದ್ರಿ. ಮಕ್ಕಳು? ಇಲ್ರಿ. ತಂದೆ ತಾಯಿ ಸಂಬಂಧದಾಗ? ನಾನು ನಮ್ಮ ಮನೆಯ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ನೀವು ಇದನ್ನೆಲ್ಲಾ ಬ್ಯಾರೆ ಬ್ಯಾರೆ ಅಂದ್ಕೊಂಡೀರಿ. ಎಲ್ಲಾ ಒಂದ ಇರಬೇಕ್ರಿ. ನಮ್ಮ ಮೂಗಿನ್ಯಾಗ, ಪುಪ್ಪುಸದಾಗ ಜೀವಕೋಶದ ಮ್ಯಾಲೆ ಕಣ್ಣಿಗೆ ಕಾಣದಂಥಾ ಕೂದಲ ಇರತಾವ. ಅವು ಹಗಲೂ ರಾತ್ರಿ ಬಡಕೋತ ಕಫಾ ಮ್ಯಾಲೆ ತಳ್ಳತಾವ. ಆ ಕೂದಲ ಬಡಿಯಾಕ ಒಳಗ ಒಂದು ಮೋಟಾರ ಬೇಕು. ಡೈನಿನ್ ಅಂತ ಪ್ರೋಟೀನ. ಒಂದಲ್ಲ, ಅವರದ ಒಂದು ದೊಡ್ಡ ಮನೆತನಾನ ಐತಿ. ಕೆಲವು ಜೀವಕೋಶದ ಒಳಗ ಹೊರೆ ಎಳೀತಾವ, ಕೆಲವು ಈ ಕೂದಲ ಅಲ್ಲಾಡಸ್ತಾವ. ಆ ಮನೆತನದಾಗ ಒಬ್ಬಾಂವ ಸರಿಯಾಗಿ ಹುಟ್ಟಲಿಲ್ಲ ಅಂದ್ರ ಕೂದಲ ಇದ್ದೂ ಅಲ್ಲಾಡೂದಿಲ್ಲ. ಕಫಾ ಅಲ್ಲೇ ನಿಂದರತೈತಿ. ಕಿವಿ ಸೋರತೈತಿ. ಗರ್ಭದ ನಾಳದಾಗೂ ಅಂಥಾ ಕೂದಲ ಇರತಾವ, ತತ್ತಿ ಮುಂದ ಸರಿಸಾಕ."

ಅಕ್ಕ ಹೊತ್ತ ಹರಕೆಗಳು, ಹತ್ತಿದ ಬೆಟ್ಟಗಳು, ಕೂಸಿನ ತೊಟ್ಟಿಲಿಗೆ ಅವಳನ್ನು ಹತ್ತಿರ ಬರಗೊಡದ ಹೆಂಗಸರು, ಎಲ್ಲ ಒಮ್ಮೆಲೇ ನೆನಪಾಯಿತು. "ಮತ್ತ ಹೃದಯ?" ಎಂದೆ.

"ಅದು ಇನ್ನೂ ವಿಚಿತ್ರ. ತಾಯಿ ಹೊಟ್ಟಿಯೊಳಗ ಕೂಸಿಗೆ ಹೃದಯ ತನ್ನ ಕಡೆ ಹಿಡಿಯೂಕಿಂತ ಮೊದಲ ಒಂದು ಸಣ್ಣ ತಗ್ಗಿನ್ಯಾಗ ಅಂಥಾ ಕೂದಲ ಗರಗರ ತಿರಗತಾವ. ತಿರಗಿ ಅಲ್ಲಿದ್ದ ನೀರನ್ನ ಎಡಕ್ಕ ತಳ್ಳತಾವ. ಅದರಿಂದ ಮೈಗೆ ಗೊತ್ತಾಗತೈತಿ, ಇದು ಎಡ ಅಂತ. ಅವು ತಿರಗಲಿಲ್ಲ ಅಂದ್ರ ಹೇಳಾವ್ರ ಇಲ್ಲ. ರೂಪಾಯಿ ತೂರಿ ಛಾಪಾ ಕಾಟಾ ನೋಡಿದಂಗ. ಅರ್ಧ ಮಂದಿಗೆ ಎಡಕ, ಅರ್ಧ ಮಂದಿಗೆ ಬಲಕ."

ನಾನು ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆ. ಇಳಿಹೊತ್ತಿನ ಬಿಸಿಲು, ಚಹಾದ ಗಾಡಿ, ರಬಕವಿ ಬಸ್ಸು ಕೂಗುತ್ತಿದ್ದ ಕಂಡಕ್ಟರು. ಎಲ್ಲರೂ ತಮ್ಮ ತಮ್ಮ ಎದೆ ಹೊತ್ತು ಓಡಾಡುತ್ತಿದ್ದರು. ನಮ್ಮ ಅವ್ವನ ಹೊಟ್ಟೆಯ ಕತ್ತಲಲ್ಲಿ, ಹೊರಗೆ ಮಗ್ಗಗಳು ಖಟಪಟ ಎನ್ನುತ್ತಿದ್ದಾಗ, ಒಳಗೆ ಆ ತಗ್ಗಿನಲ್ಲಿ ಮಾತ್ರ ಏನೂ ಅಲುಗಲಿಲ್ಲ. ಕರೆಂಟು ಹೋದ ನಮ್ಮ ಓಣಿಯ ಮೌನವೇ ಅಲ್ಲಿಯೂ ಇತ್ತು. ಆ ಮೌನದಲ್ಲಿ ಅಕ್ಕ ತಾನೇ ಒಂದು ಕಡೆ ವಾಲಿಕೊಂಡಳು.

ಇನ್ನೊಂದು ಯೋಚನೆ ಆವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಫಿಲ್ಮಿನ ಕಾಲದಲ್ಲಿ ನಾನು ಮಗುಚಿದ ಎದೆಗಳು ಎಷ್ಟು? ಬಹುಪಾಲು ಖರೆಯಾಗಿಯೂ ತಿರುವಿ ಒಣಗಿದವೇ ಇದ್ದವು. ಎಲ್ಲವೂ ಅಲ್ಲದಿದ್ದರೆ? ಲೋಕಾಪುರದ ಒಬ್ಬ ಲಾರಿ ಡ್ರೈವರ್ ನೆನಪಾಗುತ್ತಾನೆ, ಹಸಿ ಕೆಮ್ಮಿನವನು, ಹೆಂಡತಿ ಕೂಡ ಸಂಬಂಧದವಳೇ ಎಂದು ಹೇಳಿದ್ದ. ಅವನ ಫಿಲ್ಮನ್ನು ನಾನು ತಿರುವಿದೆನೋ ಇಲ್ಲವೋ, ಎಷ್ಟು ಹಣೆ ಚಚ್ಚಿಕೊಂಡರೂ ನೆನಪಿಗೆ ಬರುವುದಿಲ್ಲ. ಇದ್ದರೆ ಅವನ ಮನೆಯ ಟ್ರಂಕಿನಲ್ಲೂ ನನ್ನ ಅಕ್ಷರದ 'ಎಡ' ಇರುತ್ತದೆ.

ರಕ್ತವನ್ನು ದೊಡ್ಡ ಊರಿಗೆ ಕಳಿಸಿದ್ದರು. ತಿಂಗಳೊಪ್ಪತ್ತಿನ ಮೇಲೆ ವರದಿ ಬಂತು. ಬಾಯಾರು ಹೇಳಿದ್ದೇ ಖರೆಯಾಯಿತು. ಡೈನಿನ್ ಮನೆತನದ ಒಂದು ಪ್ರೋಟೀನಿನ ಬರಹ ಕೆಟ್ಟಿದೆ, ಅಪ್ಪನಿಂದಲೂ ಅವ್ವನಿಂದಲೂ ಅದೇ ಕೆಟ್ಟ ಬರಹ ಬಂದಿದೆ. ಇಬ್ಬರಿಗೂ ಒಬ್ಬನೇ ಹಿರಿಯ ಕೊಟ್ಟದ್ದೋ ಏನೋ. ವರದಿ ಹಿಡಿದು ಬನಹಟ್ಟಿಗೆ ಹೋದೆ. ಇಷ್ಟು ದಿನ ಅಕ್ಕನಿಗೆ ಆಪರೇಷನ್ ಆಯಿತು ಎಂದಷ್ಟೇ ಹೇಳಿದ್ದೆವು. ಫಿಲ್ಮು ತಿರುವಿದ ಮಾತನ್ನು ನಾನು ಹೇಳಿರಲಿಲ್ಲ.

ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದಳು, ಇಳಿದು ಹೋಗಿದ್ದಳು. ಮಾವ ಒಳಗೆ ಮಗ್ಗ ನಡೆಸುತ್ತಿದ್ದ. ನಾನು ಟ್ರಂಕು ತೆರೆದು ಸೀರೆಗಳ ಕೆಳಗಿಂದ ಆ ಹಳೆಯ ಫಿಲ್ಮು ತೆಗೆದೆ. ಅಂಚು ಹಳದಿಯಾಗಿತ್ತು. ಬೆಳಕಿಂಡಿಗೆ ಹಿಡಿದೆ. 'ಎಡ' ಎಂಬ ನನ್ನ ಬರಹ ಈಗಲೂ ದಪ್ಪಗೆ, ಸೊಕ್ಕಿನಿಂದ ಕೂತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು.

ಓಣಿ ಪೂರ್ತಿ ಒಮ್ಮೆಲೇ ನಿಂತಿತು. ಎಲ್ಲಿಯೋ ಯಾರೋ ಒದರುತ್ತಿದ್ದವರು ತಡೆದರು. ಅಕ್ಕನ ಎದೆಯ ಗೊರಗೊರ ಸ್ಪಷ್ಟವಾಗಿ ಕೇಳಿಸಿತು.

"ಅಕ್ಕಾ, ನಾ ಒಂದು ತಪ್ಪ ಮಾಡೇನಿ" ಎಂದೆ. ದನಿ ನನ್ನದೇ ಎಂದು ಅನಿಸಲಿಲ್ಲ. "ನಿನ್ನ ಹೃದಯ ಬಲಕೈತಿ. ನಾ ಆವತ್ತ ಫಿಲ್ಮ ತಿರುವಿ ಹಾಕಿದೆ."

ನಾನು ಬೈಗುಳಕ್ಕೆ ಕಾದೆ.

"ನಂಗ ಗೊತ್ತಿತ್ತಲೋ ತಮ್ಮಾ" ಎಂದಳು.

"ಏನಂದಿ?"

"ಸಣ್ಣಾಕಿ ಇದ್ದಾಗಿಂದ ಗೊತ್ತಿತ್ತು. ಕೈ ಇಟ್ರ ಈ ಕಡೆ ಬಡೀತಿತ್ತು. ಅವ್ವಗ ಹೇಳಿದ್ನಿ, ಬಾಯಿ ಮುಚ್ಚು, ಯಾರ ಮುಂದೂ ಅನಬ್ಯಾಡ, ಮದವಿ ಆಗೂದಿಲ್ಲ ಅಂದ್ಲು. ಆದ್ರೂ ದಿನಾ ಮಲಗೂ ಮುಂದ ಕೈ ಇಟ್ಟು ನೋಡತಿದ್ನಿ, ಐತೇನು ಅಂತ." ಸ್ವಲ್ಪ ಕೆಮ್ಮಿ ಉಸಿರು ತೆಗೆದುಕೊಂಡಳು. "ಆಮ್ಯಾಲೆ ನೀ ಫೋಟೋ ತಗದಿ. ಎಡಕೈತಿ ಅಂತ ಬರದು ಕೊಟ್ಟಿ. ನೀ ಕಲ್ತಾಂವ, ಮಷೀನ ಸುಳ್ಳ ಹೇಳತೈತೇನು? ನನ್ನ ಕೈನ ಸುಳ್ಳು ಅಂದ್ಕೊಂಡೆ. ಆವತ್ತಿನಿಂದ ಕೈ ಇಡೂದು ಬಿಟ್ಟೆ."

ನನಗೆ ಅಳು ಬಂತು. ಐವತ್ತಕ್ಕೆ ಹತ್ತಿರ ಬಂದ ಗಂಡಸು, ಟ್ರಂಕಿನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. "ಮೊನ್ನೆ ನೂಸಿದಾಗರ ಹೇಳಬಾರದಿತ್ತೇನ ಅಕ್ಕಾ?"

"ಅದಕ್ಕ ಫೋನ ಬೇಡಿದ್ನಿ. ನೀ 'ಅಕಿ ಒಳಗಿಂದೆಲ್ಲಾ ನಾ ನೋಡೇನಲ್ಲ' ಅಂದದ್ದ ನಿಮ್ಮ ಮಾವ ಹೇಳಿದ್ರು. ಹೌದಲ್ಲಾ, ಅವ ನೋಡ್ಯಾನು ಅಂತ ಸುಮ್ಮನಾದೆ."

ಅಕ್ಕ ಕೈ ಚಾಚಿ ನನ್ನ ಕೈಯಿಂದ ಫಿಲ್ಮು ತೆಗೆದು ಪಕ್ಕಕ್ಕಿಟ್ಟಳು. ನನ್ನ ಅಂಗೈಯನ್ನು ಹಿಡಿದು ಸೀರೆಯ ಮೇಲೆ ತನ್ನ ಎದೆಯ ಬಲಕ್ಕೆ ಒತ್ತಿದಳು. "ಇಲ್ಲಿ. ನೀನರ ನೋಡಿ ಹೇಳು" ಎಂದಳು.

ಅಷ್ಟರಲ್ಲಿ ಕರೆಂಟು ಬಂತು. ಮಾವನ ಮಗ್ಗ ಶುರುವಾಯಿತು, ಪಕ್ಕದ ಮನೆಯದು, ಅದರ ಆಚೆಯದು, ಇಡೀ ಓಣಿ ಖಟಪಟ ಎಂದು ಎದ್ದಿತು. ಕಿವಿಗೆ ಏನೂ ಕೇಳಿಸಲಿಲ್ಲ. "ಐತಕ್ಕಾ, ಇಲ್ಲೇ ಐತಿ" ಎಂದು ನಾನು ಒದರಿ ಹೇಳಿದೆ, ಅವಳ ಮಂದ ಕಿವಿಗೆ ಮುಟ್ಟಲಿ ಎಂದು ಎರಡು ಸಲ ಹೇಳಿದೆ.